ಸಾವಿನ ಪೂಜೆಯಲ್ಲಿ ‘ಪಾನಿಸ್ ಆಂಜೆಲಿಕುಸ್’ ಹಾಡುವಾಗ

ಬೆಂಗಳೂರಿನ ಚರ್ಚುಗಳಲ್ಲಿ ಸಾವಿನ ಪೂಜೆಗೆ ಹಾಡಲು ಕರೆ ಬರುವುದು ಹೆಚ್ಚಾಗಿ ಅದೇ ದಿನ ಬೆಳಿಗ್ಗೆ. ಸಂಜೆ ನಾಲ್ಕಕ್ಕೆ ಮಣ್ಣು. ಪ್ರ್ಯಾಕ್ಟೀಸ್‌ಗೆ ಸಮಯ ಎಲ್ಲಿರುತ್ತದೆ? ಹಾಡು ಮೊದಲೇ ಗಂಟಲಲ್ಲಿ ಕೂತಿರಬೇಕು. ನಾನು ಟೆನರ್, ಅಂದರೆ ಗಂಡಸರ ಎತ್ತರದ ದನಿಯಲ್ಲಿ ಹಾಡುವವನು. ನನ್ನ ಗಂಟಲಲ್ಲಿ ವರ್ಷಗಳಿಂದ ಕೂತಿರುವುದು ಸೆಜಾರ್ ಫ್ರಾಂಕ್‌ನ ‘ಪಾನಿಸ್ ಆಂಜೆಲಿಕುಸ್’.

ಇದರ ಸಾಹಿತ್ಯ ಲ್ಯಾಟಿನ್, ಹೆಸರಿನ ಅರ್ಥ ‘ದೇವದೂತರ ರೊಟ್ಟಿ’. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಪರಮಪ್ರಸಾದದ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಹಂಚುವ ರೊಟ್ಟಿಯ) ಹಬ್ಬಕ್ಕೆಂದು ಬರೆದ ಗೀತೆಯ ಕೊನೆಯ ಭಾಗ. ಫ್ರಾಂಕ್ ಪ್ಯಾರಿಸ್ಸಿನ ಸೇಂತ್ ಕ್ಲೋತಿಲ್ದ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. 1872ರಲ್ಲಿ ಇದಕ್ಕೆ ರಾಗ ಹಾಕಿದ. ಒಬ್ಬ ಟೆನರ್, ಜೊತೆಗೆ ಆರ್ಗನ್, ಮತ್ತೆ ಹಾರ್ಪ್, ಚೆಲ್ಲೊ, ಡಬಲ್ ಬಾಸ್ ಎಂಬ ತಂತಿವಾದ್ಯಗಳು. ನಮ್ಮಲ್ಲಿ ಅಷ್ಟೆಲ್ಲ ಎಲ್ಲಿ ಸಿಗುತ್ತದೆ, ಒಂದು ಕೀಬೋರ್ಡ್ ಸಿಕ್ಕರೆ ಸಾಕು.

ಮನೆಯವರು ಕೆಲವೊಮ್ಮೆ ಶವಪೆಟ್ಟಿಗೆ ಚರ್ಚಿನೊಳಗೆ ಬರುವಾಗಲೇ ಇದನ್ನು ಹಾಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇದು ಪರಮಪ್ರಸಾದದ ಹಾಡು, ಅದನ್ನು ಹಂಚುವಾಗಲೇ ಬರಬೇಕು. ಆ ಹೊತ್ತಿಗೆ ಮನೆಯವರು ಒಮ್ಮೆ ಎದ್ದು ಸಾಲಿನಲ್ಲಿ ಹೋಗಿ ಬಂದು ಮಂಡಿಯೂರಿರುತ್ತಾರೆ. ಪೂಜೆಯ ಶುರುವಿನಲ್ಲಿ ಯಾರ ಕಿವಿಗೂ ಏನೂ ಬೀಳುವುದಿಲ್ಲ. ಈಗ ಬೀಳುತ್ತದೆ. 2009ರಲ್ಲಿ ಬೋಸ್ಟನ್ನಿನಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿಯವರ ಸಾವಿನ ಪೂಜೆಯಲ್ಲಿ ಒಪೆರಾ ಗಾಯಕ ಪ್ಲಾಸಿಡೊ ಡೊಮಿಂಗೊ ಇದನ್ನೇ ಹಾಡಿದರು, ಪಕ್ಕದಲ್ಲಿ ಯೋ ಯೋ ಮಾ ಅವರ ಚೆಲ್ಲೊ. ಹೊಸದಾಗಿ ಕಲಿಯುವವರಿಗೆ ನಾನು ಮೊದಲು ಕೇಳಿಸುವುದು ಅದನ್ನೇ. ದೊಡ್ಡ ಒಪೆರಾ ದನಿ ಎಷ್ಟು ಸಾವಧಾನದಿಂದ ನಡೆಯಬಹುದು ಅಂತ ತಿಳಿಯಲಿ ಎಂದು.

ಸಾವಿನ ಮನೆಯಲ್ಲಿ ಮೆಲ್ಲಗೆ ಹಾಡಬೇಕು ಅಂತ ಹೇಳುವವರು ತುಂಬ ಜನ. ನನ್ನ ಅಭಿಪ್ರಾಯ ಬೇರೆ. ಅಳುತ್ತಿರುವವರಿಗೆ ಸಣ್ಣ ದನಿ ಆಸರೆ ಕೊಡುವುದಿಲ್ಲ. ಹಾಡುವವನೂ ಈಗ ಅಳುತ್ತಾನೇನೋ ಅನ್ನಿಸಿಬಿಡುತ್ತದೆ. ತುಂಬಿದ, ಅಲುಗಾಡದ ದನಿ ಬೇಕು. ಆದರೆ ಪೂರ್ತಿ ಗಟ್ಟಿ ದನಿ ಒಂದೇ ಕಡೆ ಸಾಕು. ನಾನು ಅದನ್ನು ‘ಪಾವ್ಪೆರ್, ಸೆರ್ವುಸ್ ಎತ್ ಹುಮಿಲಿಸ್’ ಎಂಬ ಸಾಲು ಎರಡನೇ ಸುತ್ತಿನಲ್ಲಿ ಬರುವಾಗ ಕೊಡುತ್ತೇನೆ. ಬಡವನೂ ಭಗವಂತನನ್ನೇ ಉಣ್ಣುತ್ತಾನೆ ಅನ್ನುವ ಮಾತು ಅದು. ಅದನ್ನು ಪಿಸುಗುಟ್ಟಬಾರದು.

ಕಷ್ಟ ಇರುವುದು ಮೇಲಿನ ಎಫ್ ಶಾರ್ಪ್ ಎಂಬ ಸ್ವರದ ಹತ್ತಿರ. ಮೂಲ ಶ್ರುತಿ ಎ ಮೇಜರ್‌ನಲ್ಲಿ ಹಾಡಿದರೆ ಟೆನರ್ ದನಿ ಒಂದು ನೆಲೆಯಿಂದ ಇನ್ನೊಂದಕ್ಕೆ ದಾಟುವ ಜಾಗ ಅದೇ. ಇಟಲಿಯವರು ಪಸ್ಸಾಜ್ಜೊ ಅನ್ನುತ್ತಾರೆ. ಅಲ್ಲಿ ಕತ್ತು ಬಿಗಿದರೆ ದನಿ ಕಿರುಚಾಗುತ್ತದೆ. ನಾನು ಅದಕ್ಕೂ ಮುಂಚೆಯೇ ಬಾಯೊಳಗೆ ಆಕಳಿಕೆಯಷ್ಟು ಜಾಗ ಮಾಡಿಕೊಂಡು, ‘ಆ’ಕಾರವನ್ನು ಸ್ವಲ್ಪ ‘ಓ’ ಕಡೆ ವಾಲಿಸುತ್ತೇನೆ. ನೆಗಡಿ ಇದ್ದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಒತ್ತಿ ಜಿ ಮೇಜರ್‌ಗೆ ಇಳಿಸಿ ಅಂತೀನಿ.

ಅಳು ಬಂದರೆ? ಬರುತ್ತದೆ. ಅಳುವಾಗ ಹೆಚ್ಚು ಗಾಳಿ ಬೇಕೆಂದು ಧ್ವನಿಪೆಟ್ಟಿಗೆಯ ಬಾಯಿ ತೆರೆದುಕೊಳ್ಳಲು ನೋಡುತ್ತದೆ, ಉಗುಳು ನುಂಗುವಾಗ ಮುಚ್ಚಿಕೊಳ್ಳಬೇಕು. ಆ ಎಳೆದಾಟವೇ ಗಂಟಲು ಕಟ್ಟಿದಂತೆ ಅನ್ನಿಸುವುದು. ಹಾಗಾಗಿ ಹಾಡುವ ಮೊದಲು ಮತ್ತೆ ಮತ್ತೆ ಉಗುಳು ನುಂಗುವುದಿಲ್ಲ. ಉಗುರುಬೆಚ್ಚಗಿನ ನೀರು ಒಂದು ಗುಟುಕು, ಆಮೇಲೆ ಬಾಯಿಂದ ನಿಧಾನಕ್ಕೆ ಹೊಟ್ಟೆಯವರೆಗೆ ಉಸಿರು. ಕಣ್ಣು ಹಿಂದಿನ ಗೋಡೆಯ ಮೇಲೆ. ಮನೆಯವರ ಮುಖ ನೋಡುವುದೇ ಇಲ್ಲ.

ಒಂದು ಸಲ ನೋಡದೆ ಇರಲಾಗಲಿಲ್ಲ. ತೀರಿಕೊಂಡವರು ಮಂಗಳೂರು ಕಡೆಯವರು, ಫ್ರೇಜರ್ ಟೌನಿನಲ್ಲಿ ಮನೆ. ಮಗಳು ದುಬೈಯಿಂದ ಆಗ ತಾನೇ ಬಂದಿದ್ದಳು. ಪೂಜೆಗೆ ಮುಂಚೆ ಕೀಬೋರ್ಡ್ ಹತ್ತಿರ ಬಂದು, “ಅಂಕಲ್, ಅಪ್ಪ ಮೀನು ಕ್ಲೀನ್ ಮಾಡ್ತಾ ಇದನ್ನೇ ಗುನುಗ್ತಿದ್ರು. ಪದ ಬರ್ತಿರ್ಲಿಲ್ಲ, ರಾಗ ಮಾತ್ರ” ಅಂದಳು. ಹಾಡು ಎರಡನೇ ಸುತ್ತಿಗೆ ಬಂತು. ಅಲ್ಲಿ ಟೆನರ್ ಹಾಡಿದ್ದನ್ನು ಚೆಲ್ಲೊ ಒಂದು ಹೆಜ್ಜೆ ಹಿಂದಿನಿಂದ ಅನುಸರಿಸಬೇಕು. ಚೆಲ್ಲೊ ಇರಲಿಲ್ಲ. ಮೊದಲ ಬೆಂಚಿನಲ್ಲಿ ಅವಳು ತುಟಿ ಮುಚ್ಚಿಕೊಂಡೇ ಆ ರಾಗ ಗುನುಗುತ್ತಿದ್ದಳು, ಸರಿಯಾಗಿ ನನ್ನ ಹಿಂದೆ. ನಾನು ದನಿ ತಗ್ಗಿಸಲಿಲ್ಲ. ತಗ್ಗಿಸಿದ್ದರೆ ಅವಳದೊಂದೇ ಬಯಲಾಗಿ, ಅವಳು ನಿಲ್ಲಿಸಿಬಿಡುತ್ತಿದ್ದಳು.

ಷೂಬರ್ಟ್‌ನ ‘ಆವೆ ಮರಿಯಾ’ ಕೂಡ ಜನ ಕೇಳುತ್ತಾರೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಸಾವಿನ ಪೂಜೆಯಲ್ಲಿ ಲುಯಿಜಿ ವೆನಾ ಎಂಬ ಟೆನರ್ ಅದನ್ನು ಹಾಡಿದರು. ಹತ್ತು ವರ್ಷ ಹಿಂದೆ ಕೆನಡಿಯವರ ಮದುವೆಯಲ್ಲಿ ಹಾಡಿದವರೂ ಅವರೇ. ಆದರೆ ಷೂಬರ್ಟ್ ಅದನ್ನು 1825ರಲ್ಲಿ ರಚಿಸಿದ್ದು ವಾಲ್ಟರ್ ಸ್ಕಾಟ್‌ನ ಕಾವ್ಯದ ಒಂದು ಹಾಡಿಗೆ, ಚರ್ಚಿನ ಪ್ರಾರ್ಥನೆಗಲ್ಲ. ಆ ಕಾರಣಕ್ಕೆ ಬೇಡ ಅನ್ನುವ ಫಾದರ್‌ಗಳಿದ್ದಾರೆ. ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ, ಧೂಪ. ಕೊನೆಯಲ್ಲಿ ಪೆಟ್ಟಿಗೆಗೆ ಧೂಪ ಹಾಕುತ್ತಾರೆ, ಅದರ ಬೆನ್ನಿಗೇ ಬೀಳ್ಕೊಡುವ ಹಾಡು ಎತ್ತಬೇಕು. ಹೊಗೆ ನುಂಗಿದರೆ ಮುಗಿಯಿತು. ಧೂಪದ ಪಾತ್ರೆ ಹಿಡಿದ ಹುಡುಗನಿಗೆ ಪೂಜೆಗೆ ಮುಂಚೆಯೇ, “ಮರಿ, ಆ ಕಡೆ ನಿಂತ್ಕೋ” ಅಂತ ಹೇಳಿರುತ್ತೇನೆ.

ಸಮಾಧಿಯ ಹತ್ತಿರ ನಾನು ಒಬ್ಬನೇ ಹಾಡುವುದಿಲ್ಲ. ಬಯಲಲ್ಲಿ ದನಿಯನ್ನು ತಿರುಗಿ ಕೊಡುವ ಗೋಡೆ ಇಲ್ಲ. ಎಷ್ಟು ಬಲವಿದ್ದರೂ ತೆಳುವಾಗಿ ಹೋಗುತ್ತದೆ. ಅಲ್ಲಿ ಕನ್ನಡವೋ ಕೊಂಕಣಿಯೋ ತಮಿಳೋ, ಮನೆಯವರಿಗೆ ಬಾಯಿಪಾಠ ಇರುವ ಹಾಡು ಎತ್ತಿಕೊಡುತ್ತೇನೆ, ಎಲ್ಲರೂ ಸೇರುತ್ತಾರೆ. ಮುಗಿದ ಮೇಲೆ ಯಾರಾದರೂ ಕವರ್ ಕೈಗಿಡಲು ಬಂದರೆ ಕೀಬೋರ್ಡ್ ನುಡಿಸಿದ ಹುಡುಗನನ್ನು ತೋರಿಸುತ್ತೇನೆ. ಅವನು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿರುತ್ತಾನೆ.