ಹೊಟ್ಟೆಪಾಡಿನ ಮೀನುಗಾರಿಕೆ: ಸರ್ಕಾರವೂ ಮೂಲನಿವಾಸಿಗಳೂ ಕೂಡಿ ನಿರ್ವಹಿಸುವುದು ಹೇಗೆ?

ಅಮೆರಿಕದ ಅಲಾಸ್ಕ ರಾಜ್ಯದ ಕಸ್ಕೊಕ್ವಿಮ್ ನದಿಯಲ್ಲಿ, ಮೊಟ್ಟೆಯಿಡಲು ಸಮುದ್ರದಿಂದ ನದಿಗೇರುವ ಕಿಂಗ್ ಸಾಮನ್ ಎಂಬ ದೊಡ್ಡ ಮೀನು ಕಡಿಮೆಯಾಗಿ ಸರ್ಕಾರ ಮೀನು ಹಿಡಿಯುವುದನ್ನು ನಿಲ್ಲಿಸಿದಾಗ, ಮನೆಯ ಊಟಕ್ಕಾಗಿಯೇ ಮೀನನ್ನು ನೆಚ್ಚಿಕೊಂಡ ಅಲ್ಲಿನ ಮೂಲನಿವಾಸಿ ಯೂಪಿಕ್ ಜನರಲ್ಲಿ ಹಲವರು 2012ರ ಜೂನ್‌ನಲ್ಲಿ ನಿಷೇಧವನ್ನು ಧಿಕ್ಕರಿಸಿ ಬಲೆ ಹಾಕಿ ಮೊಕದ್ದಮೆ ಎದುರಿಸಿದರು. ಆ ನಂತರ ಅಲ್ಲಿ ರೂಪುಗೊಂಡ ಜಂಟಿ ನಿರ್ವಹಣೆಯ ಕ್ರಮ ಹೀಗಿದೆ.

ಮೊದಲು ಕಾನೂನಿನ ಆಧಾರವನ್ನು ನೋಡಬೇಕು. ಅಮೆರಿಕದ ಕೇಂದ್ರ ಸರ್ಕಾರದ 1980ರ ಕಾಯ್ದೆಯು ಹೊಟ್ಟೆಪಾಡಿನ ಬಳಕೆಗೆ ಆದ್ಯತೆ ಕೊಟ್ಟಿದ್ದರೂ ಅದು ಗ್ರಾಮೀಣ ನಿವಾಸಿಗಳೆಲ್ಲರಿಗೂ ಸಲ್ಲುವುದರಿಂದ, ಬುಡಕಟ್ಟುಗಳ ಪಾತ್ರವನ್ನು ಪ್ರತ್ಯೇಕ ಒಪ್ಪಂದದಲ್ಲೇ ಬರೆದುಕೊಳ್ಳಬೇಕಾಗುತ್ತದೆ.

ಎರಡನೆಯದಾಗಿ, ಇಡೀ ನದಿಗೆ ಒಂದೇ ಸಂಸ್ಥೆ ಬೇಕು; ಕೆಳಗಿನ ಊರಿನವರು ಬಿಟ್ಟ ಮೀನೇ ಮೇಲಿನ ಊರಿಗೆ ತಲುಪುವುದು. ಕಸ್ಕೊಕ್ವಿಮ್‌ನ 33 ಬುಡಕಟ್ಟುಗಳು 2015ರಲ್ಲಿ ಅಂತರ್‌ಬುಡಕಟ್ಟು ಮೀನು ಆಯೋಗವನ್ನು ಕಟ್ಟಿಕೊಂಡು, ಮರುವರ್ಷ ಕೇಂದ್ರದ ಮೀನು ಮತ್ತು ವನ್ಯಜೀವಿ ಸೇವೆಯೊಂದಿಗೆ ಒಡಂಬಡಿಕೆ ಮಾಡಿಕೊಂಡವು. ಕಾನೂನಿನಂತೆ ಅಂತಿಮ ಅಧಿಕಾರ ಕೇಂದ್ರದ ಅಧಿಕಾರಿಯಲ್ಲೇ ಉಳಿದಿರುವುದು, ನನ್ನ ಅಭಿಪ್ರಾಯದಲ್ಲಿ, ಈ ಏರ್ಪಾಡಿನ ದುರ್ಬಲ ಕೊಂಡಿ. ಹೊಸದಾಗಿ ಒಪ್ಪಂದ ಬರೆಯುವವರು, ಸಮುದಾಯದ ಮಾತನ್ನು ತಳ್ಳಿಹಾಕುವ ಅಧಿಕಾರಿ ಕಾರಣವನ್ನು ಲಿಖಿತವಾಗಿ ಕೊಡಬೇಕೆಂಬ ಷರತ್ತನ್ನು ಸೇರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಎಣಿಕೆ. ಹಿಡಿದ ಮೀನಿನ ಲೆಕ್ಕವನ್ನು ದೋಣಿಕಟ್ಟೆಯಲ್ಲೂ ಮೀನು ಹಿಡಿದು ಒಣಗಿಸುವ ಶಿಬಿರಗಳಲ್ಲೂ ಊರಿನವರೇ ಕೇಳಿ ಬರೆದುಕೊಂಡರೆ ಉತ್ತರವೂ ನೇರವಾಗಿ ಸಿಗುತ್ತದೆ, ಅಂಕಿಗಳ ಮೇಲೆ ಎರಡೂ ಕಡೆಯವರಿಗೆ ನಂಬಿಕೆಯೂ ಉಳಿಯುತ್ತದೆ.

ನಿಜವಾದ ಪರೀಕ್ಷೆ ಬಲೆ ಹಾಕುವ ದಿನಗಳನ್ನು ಗೊತ್ತುಮಾಡುವಾಗ. ನದಿಯ ತಲೆಭಾಗಕ್ಕೆ ಹೋಗುವ ಕಿಂಗ್ ಸಾಮನ್ ಎಲ್ಲಕ್ಕಿಂತ ಮೊದಲು ಬರುವುದರಿಂದ ಜೂನ್ ಆರಂಭದಲ್ಲಿ ಬಲೆಯನ್ನು ತಡೆಯಬೇಕೆಂಬುದು ಜೀವಶಾಸ್ತ್ರದ ಲೆಕ್ಕ. ಆದರೆ ಮೀನು ಚೆನ್ನಾಗಿ ಒಣಗುವುದೂ ಆಗಲೇ, ತಡವಾದರೆ ಮಳೆ ಮತ್ತು ನೊಣದಿಂದ ಹಂದರದ ಮೇಲಿನ ಮೀನು ಕೆಡುತ್ತದೆ. ಮೀನು ಒಣಗಿಸುವವರು ಮೇಜಿನ ಮುಂದಿಲ್ಲದಿದ್ದರೆ ಈ ಎರಡನೆಯ ಲೆಕ್ಕ ಚರ್ಚೆಗೇ ಬರುವುದಿಲ್ಲ. ಬಲೆಯ ಕಣ್ಣನ್ನು 6 ಇಂಚಿಗೆ ಮಿತಿಗೊಳಿಸುವುದು ಇಂಥ ಕಡೆ ನೆರವಾಗುತ್ತದೆ; ಹೆಚ್ಚು ಮೊಟ್ಟೆಯಿಡುವ ದೊಡ್ಡ ಹೆಣ್ಣು ಕಿಂಗ್‌ಗಳು ಸಿಕ್ಕಿಬೀಳುವುದು ಕಡಿಮೆಯಾಗಿ, ಚಮ್ ಮತ್ತು ಸಾಕೈ ಎಂಬ ಚಿಕ್ಕ ಜಾತಿಯ ಸಾಮನ್ ಮನೆಗೆ ಬರುತ್ತವೆ.

ಹಂಗಾಮು ಮುಗಿದ ಮೇಲೆ ಎರಡೂ ಕಡೆಯವರು ಹಿಡಿದ ಮೀನಿನ ಲೆಕ್ಕವನ್ನೂ ಮೊಟ್ಟೆಯಿಡಲು ಮೇಲಕ್ಕೆ ತಲುಪಿದ ಮೀನಿನ ಲೆಕ್ಕವನ್ನೂ ಒಟ್ಟಿಗೆ ಪರಿಶೀಲಿಸಿ, ಮುಂದಿನ ವರ್ಷದ ದಿನಾಂಕಗಳ ಕರಡನ್ನು ಚಳಿಗಾಲದಲ್ಲೇ ಸಿದ್ಧಪಡಿಸಬೇಕು.