ಬೇಸಿಗೆ ರಜೆಲಿ ಮಕ್ಕಳು ಕಲ್ತಿದ್ದು ಮರೀದೇ ಇರಕ್ಕೆ ನಮ್ಮನೇಲಿ ಮಾಡೋದು

ಏಪ್ರಿಲ್ ಎರಡನೇ ವಾರ ರಜೆ ಶುರುವಾದ್ರೆ ಮೇ ಕೊನೆವರೆಗೂ ಮಕ್ಕಳು ಮನೇಲೇ. ಮೊದಲ್ನೇ ವಾರ ಏನೂ ಮಾಡಕ್ಕೆ ಹೋಗ್ಬೇಡಿ, ಬಿಸ್ಲಲ್ಲಿ ಕ್ರಿಕೆಟ್ ಆಡ್ಕೊಂಡು ಕರ್ರಗಾಗ್ಲಿ. ಎರಡನೇ ವಾರ ಮೊಬೈಲ್ ಕಿತ್ಕೊಳ್ಳೋ ಜಗಳ ಶುರುವಾಗುತ್ತೆ ನೋಡಿ, ಆವಾಗ ಹಿಡ್ಕೊಳ್ಳಿ.

ಮೊದ್ಲು ನಾನ್ ಮಾಡಿದ್ ತಪ್ಪು ಹೇಳ್ಬಿಡ್ತೀನಿ. ದಪ್ಪ ವರ್ಕ್‌ಬುಕ್ ಒಂದು ತಂದು ದಿನಾ ಎರಡು ಪೇಜ್ ಅಂತ ಮಗನ್ನ ಕೂರಿಸ್ದೆ, ನಾಲ್ಕ್ ದಿನ ಬರೆದ, ಐದನೇ ದಿನ ಕೊನೇ ಪೇಜಲ್ಲಿರೋ ಉತ್ತರ ನೋಡ್ಕೊಂಡು ಬರೆದ. ಸರಿ ಡೈರಿ ಬರಿ ಅಂದೆ. "ಬೆಳಿಗ್ಗೆ ಎದ್ದೆ. ತಿಂಡಿ ತಿಂದೆ. ಆಟ ಆಡಿದೆ." ಐದ್ ದಿನಾನೂ ಅದೇ, ಒಂದಿನ ಮಾತ್ರ ತಿಂಡಿ ಅನ್ನೋ ಕಡೆ ದೋಸೆ ಅಂತ ಇತ್ತು. ಯಾರಿಗೂ ಬೇಡ್ದೇ ಇರೋದನ್ನ ಬರಿ ಅಂದ್ರೆ ನಾವಾದ್ರೂ ಹಂಗೇ ಬರೀತಿದ್ವಿ. ಅದಕ್ಕೇ ಈಗ ನಮ್ಮನೇಲಿ ಒಂದೇ ರೂಲ್, ಮಕ್ಕಳು ಬರೆದಿದ್ದೋ ಲೆಕ್ಕ ಹಾಕಿದ್ದೋ ಯಾರಿಗಾದ್ರೂ ನಿಜವಾಗ್ಲೂ ಬೇಕಾಗಿರ್ಬೇಕು.

ಇದ್ರಲ್ಲಿ ಚೆನ್ನಾಗಿ ನಡೆದಿದ್ದು ಮಳೆ ಲೆಕ್ಕ. ನಮ್ಮಪ್ಪಂದು ಸಕಲೇಶಪುರದ ಹತ್ರ ಚಿಕ್ಕದೊಂದು ಕಾಫಿ ತೋಟ. ಆ ಕಡೆಯೋರು ಮಳೆ ಬಂದ್ ಮಾರನೇ ಬೆಳಿಗ್ಗೆ ಫೋನ್ ಎತ್ತಿದ್ರೆ ಮೊದ್ಲು ಕೇಳೋದೇ "ನಿಮಗೆಷ್ಟು ಸೆಂಟ್ ಬಂತು?" ಅಂತ. ಸೆಂಟ್ ಅಂದ್ರೆ ಜಾಗದ ಸೆಂಟ್ ಅಲ್ಲ, ಒಂದು ಇಂಚು ಮಳೇಲಿ ನೂರರಲ್ಲೊಂದು ಪಾಲು. ಕಾಫಿ ಹೂವಾಗಕ್ಕೆ ಮಾರ್ಚ್ ಏಪ್ರಿಲಲ್ಲಿ ಬ್ಲಾಸಮ್ ಮಳೆ ಬೇಕು, ಆಮೇಲೆ ಕಾಯಿ ನಿಲ್ಲಕ್ಕೆ ಬ್ಯಾಕಿಂಗ್ ಮಳೆ ಬೇಕು, ಹಾಗಾಗಿ ಅವರಿಗೆ ಹತ್ತಿಪ್ಪತ್ತು ಸೆಂಟೂ ದೊಡ್ ವಿಷ್ಯ.

ನಮ್ಮನೆ ಹತ್ರ ಬಂದ ಮಳೆ ಅಳೆದು ತಾತಂಗೆ ಹೇಳೋದು ಮಕ್ಕಳ ಕೆಲ್ಸ. ಅಳೆಯೋ ಬಾಟಲಿ ಮಾಡೋದು ಸುಲಭ. ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿ ತಗೊಳ್ಳಿ, ಸೊಂಟ ಒಳಗೆ ಹೋಗಿರೋದು ಬೇಡ, ಮೇಲಿಂದ ಕೆಳಗೆ ನೆಟ್ಟಗಿರ್ಬೇಕು. ಕತ್ತು ಅಗಲ ಆಗೋ ಜಾಗದಲ್ಲಿ ಕತ್ತರಿಸಿ, ಆ ತುಂಡನ್ನ ಮುಚ್ಚಳ ತೆಗೆದು ತಲೆಕೆಳಗೆ ಮಾಡಿ ಆಲಿಕೆ ಥರ ಬಾಯಿಗೆ ಕೂರಿಸಿ. ತಳ ಉಬ್ಬು ತಗ್ಗು ಇರುತ್ತಲ್ಲ, ಅಲ್ಲಿಗೆ ಒಂದ್ ಹಿಡಿ ಜಲ್ಲಿಕಲ್ಲು ಹಾಕಿ ಅದು ಮುಳುಗೋ ತನಕ ನೀರು ಹುಯ್ದು ಆ ಮಟ್ಟಕ್ಕೆ ಸೊನ್ನೆ ಗೆರೆ ಎಳೀರಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಇಟ್ಟು ಮಿಲಿಮೀಟರ್ ಗುರುತು ಮಾಡಿ. ಮರದ ಕೆಳಗೆ, ಸೂರಿನ ಪಕ್ಕ ಇಡ್ಬೇಡಿ, ಬಯಲಲ್ಲಿ ಇಟ್ಟು ಸುತ್ತ ಇಟ್ಟಿಗೆ ಒತ್ತು ಕೊಡಿ. ಹವಾಮಾನ ಇಲಾಖೆಯೋರು ಅಳೆಯೋದು ಬೆಳಿಗ್ಗೆ ಎಂಟೂವರೆಗೆ, ನೀವೂ ಅದೇ ಟೈಮ್ ಇಟ್ಕೊಳ್ಳಿ. ನೋಡಿದ್ಮೇಲೆ ನೀರನ್ನ ಸೊನ್ನೆ ಗೆರೆಗೆ ತರ್ಬೇಕು, ಮಳೆ ಇಲ್ದಿದ್ರೂ ಎರಡು ದಿನಕ್ಕೊಂದ್ಸಲ ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ ಸಾಕಿದಂಗಾಗುತ್ತೆ.

ಈಗ ಲೆಕ್ಕ. ಒಂದು ಇಂಚು ಅಂದ್ರೆ 25.4 ಮಿಲಿಮೀಟರ್. ಬಾಟಲಿ 13 ಮಿಲಿಮೀಟರ್ ತೋರಿಸ್ತು ಅಂದ್ರೆ 13ನ್ನ 25.4ರಿಂದ ಭಾಗಿಸಿ ನೂರರಿಂದ ಗುಣಿಸ್ಬೇಕು, ಸುಮಾರು 51 ಸೆಂಟ್. ಐದನೇ ಕ್ಲಾಸ್ ಹುಡುಗ ದಶಮಾಂಶ ಭಾಗಾಕಾರ ಅಂದ್ರೆ ಓಡಿಹೋಗ್ತಿದ್ದೋನು ತಾತಂಗೆ ಹೇಳ್ಬೇಕು ಅಂತ ಕೂತ್ಕೊಂಡು ಮಾಡ್ದ. ಒಂದಿನ ಪಾಯಿಂಟ್ ತಪ್ಪಿ "ತಾತ, ಹಾಸನದಲ್ಲಿ ಐನೂರಾ ಹನ್ನೆರಡು ಸೆಂಟ್" ಅಂದ್ಬಿಟ್ಟ, ಅವ್ರು "ಹಂಗಾದ್ರೆ ಮನೆ ಇದ್ಯೇನೋ ಮಗ ಇನ್ನೂ?" ಅಂದ್ರು. ಆಮೇಲೆ ಪಾಯಿಂಟ್ ತಪ್ಪಿಲ್ಲ.

ಬರೆಯೋದಕ್ಕೆ ಅಜ್ಜಿ ಅಡುಗೆ. ಅಜ್ಜಿ ಕೈಲಿ ಅಕ್ಕಿ ತರಿ ಕಡುಬು ಮಾಡಿಸಿ, ಪಕ್ಕದಲ್ಲಿ ನೋಟ್‌ಬುಕ್ ಹಿಡ್ಕೊಂಡು ಮಗು ನಿಂತಿರ್ಬೇಕು. ನಮ್ಮಮ್ಮ "ಅಳತೆ ಏನ್ ಬಂತು, ಅಂದಾಜು ಅಷ್ಟೇ" ಅಂತಾರೆ, ಹಾಗಾಗಿ ಅವ್ರು ಕೈಲಿ ತಗೊಂಡ ತರಿನ ಪಾತ್ರೆಗೆ ಹಾಕೋ ಮುಂಚೆ ಲೋಟದಲ್ಲಿ ಅಳೀಬೇಕು, ಅದೇ ಮಜಾ. ಬರೆದಿದ್ದು ಸರಿ ಇದ್ಯಾ ಅಂತ ಗೊತ್ತಾಗೋದು ಅದನ್ನ ನೋಡ್ಕೊಂಡು ಇನ್ನೊಬ್ರು ಕಡುಬು ಮಾಡ್ದಾಗ. ನಾನ್ ಮಾಡ್ದೆ, ಉಪ್ಪು ಬರೆಯೋದೇ ಮರ್ತಿದ್ದ, ಯಾರೂ ತಿನ್ನಕ್ಕಾಗ್ಲಿಲ್ಲ.

ಸಂತೆಗೆ ಕರ್ಕೊಂಡ್ ಹೋಗಿ, ಇಂಗ್ಲಿಷ್ ಮೀಡಿಯಂ ಮಕ್ಕಳಂತೂ ಖಂಡಿತ ಹೋಗ್ಬೇಕು. ಎರಡನೇ ಕ್ಲಾಸ್ ಮಗಳಿಗೆ ಇನ್ನೂರು ರೂಪಾಯಿ ಕೊಟ್ಟು ಟೊಮೇಟೊ ಬೀನ್ಸ್ ತಗೋ ಅಂದೆ, ಮಾರೋಳು "ಎಪ್ಪತ್ತೊಂಬತ್ತು ಆಯ್ತು ಪುಟ್ಟಿ" ಅಂದ್ರೆ ಇವ್ಳು ನನ್ ಮುಖ ನೋಡ್ತಾಳೆ. ಅಣ್ಣನೂ ಅಷ್ಟೇ, ಸ್ಲೇಟಲ್ಲಿ 3/4 ಬರೀತಾನೆ, ಮುಕ್ಕಾಲು ಕೆಜಿ ಅಂದ್ರೆ ಗೊತ್ತಿಲ್ಲ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಇವೆಲ್ಲ ತಕ್ಕಡಿ ಮುಂದೆ ನಿಂತ್ರೆ ಎರಡು ವಾರದಲ್ಲಿ ಬರುತ್ತೆ.

ಊರು ಸುತ್ತೋದು ಆಗಾಗ ಇರ್ಲಿ. ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ ಅಂತ ಭಾಷಣ ಮಾಡೋ ಬದ್ಲು, ಗೋಡೆ ಕೆಳಗಿನ ಸಾಲಲ್ಲಿರೋ ಆನೆಗಳನ್ನ ಒಂದ್ ಮೂಲೆಯಿಂದ ಇನ್ನೊಂದಕ್ಕೆ ಎಣಿಸಕ್ಕೆ ಹೇಳಿ, ಇಬ್ರಿದ್ರೆ ಬೇರೆ ಬೇರೆ ಎಣಿಸ್ಲಿ, ಲೆಕ್ಕ ಹೊಂದಲ್ಲ, ಮತ್ತೆ ಎಣಿಸ್ತಾರೆ. ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಬರಿಗಾಲಲ್ಲಿ ಆ ಕಲ್ಲು ತುಳಿಯಕ್ಕಾಗಲ್ಲ. ಬೇಲೂರು ತಾಲೂಕಿನ ಹಲ್ಮಿಡಿಗೂ ಹೋಗ್ಬನ್ನಿ. ಸುಮಾರು ಕ್ರಿ.ಶ. 450ರ ಶಾಸನ, 16 ಸಾಲು, ಊರಲ್ಲಿರೋದು ಅದ್ರ ನಕಲು. "ಇದೂ ಕನ್ನಡಾನೇ, ಓದು ನೋಡಣ" ಅಂದ್ರೆ ಒಂದಕ್ಷರ ಸಿಗಲ್ಲ, ಆಮೇಲೆ ವಾಪಸ್ ಬರೋವಾಗ ಕಾರಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ. ಕಥೆ ಪುಸ್ತಕಕ್ಕೆ ಗ್ರಾಮ ಪಂಚಾಯ್ತಿ ಲೈಬ್ರರಿ ಇದೆ, ಈಗ ಅರಿವು ಕೇಂದ್ರ ಅಂತಾರಲ್ಲ ಅದೇ. ಅಲ್ಲೇ ಕೂತು ಓದ್ಲಿ, ಮನೆಗೂ ತರ್ಲಿ.

ಇಷ್ಟೆಲ್ಲ ದಿನಕ್ಕೆ ಒಂದು ಗಂಟೆ ಸಾಕು, ಅದೂ ಬೆಳಿಗ್ಗೆ. ಒಂದೇ ತೊಂದ್ರೆ, ನಮ್ಮಪ್ಪಂಗೆ ಅಭ್ಯಾಸ ಆಗ್ಬಿಟ್ಟಿದೆ, ಸ್ಕೂಲ್ ಶುರುವಾದ್ಮೇಲೂ ದಿನಾ ಫೋನ್ ಮಾಡಿ ಎಷ್ಟು ಸೆಂಟ್ ಅಂತ ಕೇಳ್ತಾರೆ. ಎಂಟೂಕಾಲಿಗೇ ವ್ಯಾನ್ ಬರೋದ್ರಿಂದ ಈಗ ಛತ್ರಿ ಹಿಡ್ಕೊಂಡು ಬಾಟಲಿ ನೋಡೋ ಕೆಲ್ಸ ನಂದು.