ಹಟ್ಟಿಯಿಂದ ಐಸ್‌ಲ್ಯಾಂಡ್‌ಗೆ: ಜ್ವಾಲಾಮುಖಿ ದ್ವೀಪಗಳ ಹಡಗಿನ ಟ್ರಿಪ್ ಹ್ಯಾಂಗ ಮಾಡ್ಬೇಕು

ನಮ್ಮಪ್ಪಾರು ಹಟ್ಟಿ ಚಿನ್ನದ ಗಣಿಯೊಳಗ 31 ವರ್ಷ ಅಂಡರ್‌ಗ್ರೌಂಡ್ ಕೆಲಸ ಮಾಡಿದವ್ರು. ಅವ್ರು ದಿನಾ ಒಡೀತಿದ್ದ ಆ ಕಪ್ಪು-ಹಸಿರು ಕಲ್ಲು ಐತಲ್ಲ, ಅದು 250 ಕೋಟಿ ವರ್ಷಕ್ಕಿಂತ ಹಿಂದ ಸಮುದ್ರದ ತಳದಾಗ ಉಕ್ಕಿ ಹೆಪ್ಪುಗಟ್ಟಿದ ಲಾವಾ. ಇದನ್ನ ಅಲ್ಲಿ ಒಬ್ರು ಜಿಯಾಲಜಿಸ್ಟ್ ಸಾಹೇಬ್ರು ಹೇಳಿದ್ದು ಅವರ ತಲಿಯೊಳಗ ಹಂಗ ಕುಂತುಬಿಟ್ಟಿತ್ತು, ಮುದಿ ಲಾವಾ ಜನ್ಮ ಎಲ್ಲಾ ಒಡದೆ, ಎಳೇ ಲಾವಾ ಒಮ್ಮೆ ಕಣ್ಣಿಲೆ ನೋಡ್ಬೇಕು ಅಂತಿದ್ರು. ರಿಟೈರ್ ಆದ ಮ್ಯಾಲೆ ಜೂನ್ ತಿಂಗಳಾಗ ಐಸ್‌ಲ್ಯಾಂಡ್ ಮತ್ತ ಫೇರೋ ದ್ವೀಪಗಳ ಕಡೆ ಹಡಗಿನಾಗ ಕರ್ಕೊಂಡು ಹೋಗಿ ಬಂದೆ. ಬಂದಾಗಿಂದ ಲಿಂಗಸೂಗೂರು, ರಾಯಚೂರು, ಗಂಗಾವತಿ ಕಡೆ ಮಂದಿ ಹ್ಯಾಂಗ ಹೋಗೋದು ಅಂತ ಕೇಳ್ತಾನ ಇರ್ತಾರ, ಅದಕ್ಕ ಎಲ್ಲಾ ಒಂದೇ ಕಡೆ ಬರ್ದೀನಿ.

ಮೊದ್ಲು ಹಡಗು. ಎಲ್ರೂ ಸ್ವಿಮ್ಮಿಂಗ್ ಪೂಲ್, ಥಿಯೇಟರ್ ಇರೋ ಮೂರ್ನಾಕು ಸಾವಿರ ಮಂದಿ ಹಡಗನ್ನ ನೋಡಿ ಮರುಳಾಗ್ತಾರ, ರೇಟೂ ಕಡಿಮಿ ಇರ್ತೈತಿ, ಖರೆ. ಆದ್ರ ಈ ಕಡೆ ದ್ವೀಪಗಳ ಭಾಳಷ್ಟು ಬಂದರು ಸಣ್ಣವು, ಅಲ್ಲಿ ದೊಡ್ಡ ಹಡಗು ಒಳಗ ಹೋಗಾಕ ಆಗಂಗಿಲ್ಲ, ದೂರ ಲಂಗರು ಹಾಕಿ ಸಣ್ಣ ದೋಣಿಯೊಳಗ ದಂಡಿಗೆ ಒಯ್ತಾರ, ಗಾಳಿ ಜೋರಾತು ಅಂದ್ರ ಆ ಬಂದರನ್ನ ಬಿಟ್ಟ ಮುಂದ ಹೋಗಿಬಿಡ್ತಾರ, ರೊಕ್ಕ ಕೊಟ್ಟವ್ರು ಡೆಕ್ ಮ್ಯಾಲೆ ನಿಂತು ದ್ವೀಪ ನೋಡ್ಕೋತ ಹೋಗೋದು. ನನ್ನ ಮಾತು ಕೇಳೋದಾದ್ರ ಇನ್ನೂರು ಮುನ್ನೂರು ಮಂದಿ ಹಿಡಿಸೋ ಎಕ್ಸ್‌ಪೆಡಿಷನ್ ಹಡಗು ನೋಡ್ರಿ. ತುಟ್ಟಿ, ಭಾಳ ತುಟ್ಟಿ. ಆದ್ರ ಇಳಿದು ನೋಡೋ ಜಾಗ ಜಾಸ್ತಿ, ಜೊತಿಗೆ ಜಿಯಾಲಜಿಸ್ಟು, ಹಕ್ಕಿ ಬಗ್ಗೆ ಗೊತ್ತಿದ್ದವ್ರು ಇರ್ತಾರ. ವರ್ಷ ಲೇಟಾದ್ರೂ ಚಿಂತಿಲ್ಲ, ರೊಕ್ಕ ಕೂಡಿಸಿ ಸಣ್ಣ ಹಡಗಿಗೇ ಹೋಗ್ರಿ.

ಬುಕ್ ಮಾಡೋಕಿಂತ ಮೊದ್ಲು ರೂಟ್ ಪೇಪರ್ ಇಟ್ಕೊಂಡು ಒಂದೊಂದ ಬಂದರಿನಾಗ ಎಷ್ಟು ತಾಸು ನಿಲ್ತೈತಿ ಅಂತ ಎಣಸ್ರಿ. ಮುಂಜಾನಿ 8ಕ್ಕ ಬಂದು 1ಕ್ಕ ಹೊಂಟರ ಅಲ್ಲಿ ಏನೂ ನೋಡಾಕ ಆಗಂಗಿಲ್ಲ. ಐಸ್‌ಲ್ಯಾಂಡಿನ ಉತ್ತರದ ಅಕುರೇರಿ ಬಂದರಿನಿಂದ ಮೀವಾತ್ನ್ ಕೆರಿ ಕಡೆ, ಅಂದ್ರ ಕುದಿಯೋ ರಾಡಿ, ಗಂಧಕದ ವಾಸನಿ, ಹಳದಿ ಮಣ್ಣು ಇರೋ ಜಾಗಕ್ಕ ಹೋಗಿ ಬರಾಕನ ಇಡೀ ದಿನ ಬೇಕು. ಇನ್ನ ತೋರ್ಸೋ ರೇಟು ಒಬ್ಬೊಬ್ರದು, ಅದೂ ಒಂದು ರೂಮಿನಾಗ ಇಬ್ರು ಇದ್ರ. ಟಿಪ್ಸು, ದಂಡಿ ಮ್ಯಾಲಿನ ಟೂರು, ಇಂಟರ್ನೆಟ್ಟು ಭಾಳ ಕಡೆ ಬ್ಯಾರೆನ. ನಮ್ಮ ದೇಶದ ಏಜೆಂಟ್ ಕಡಿಂದ ಪ್ಯಾಕೇಜ್ ತಗೊಂಡ್ರ ಟಿಸಿಎಸ್ ಅಂತ ಮುಂಗಡ ತೆರಿಗಿ ಹಿಡೀತಾರ, ರಸೀದಿ ಇಟ್ಕೊಳ್ರಿ, ರಿಟರ್ನ್ ಹಾಕೋ ಮುಂದ ಅದನ್ನ ವಾಪಸ್ ಕೇಳಬೋದು.

ಯಾವಾಗ ಹೋಗೋದು ಅಂದ್ರ ಜೂನ್ ಇಲ್ಲಾ ಜುಲೈ. ಪಫಿನ್ ಅಂತ ಕೆಂಪು ಕೊಕ್ಕಿನ ಹಕ್ಕಿ ಐತಿ, ನೋಡಿದ್ರ ಎತ್ಕೊಂಡು ಮುದ್ದು ಮಾಡ್ಬೇಕು ಅನಸ್ತೈತಿ, ಅದು ಆಗಸ್ಟ್ ಮುಗಿಯೋದ್ರೊಳಗ ಸಮುದ್ರಕ್ಕ ಹೊಂಟೋಗ್ತೈತಿ. ನಾರ್ದರ್ನ್ ಲೈಟ್ಸ್, ಅಂದ್ರ ರಾತ್ರಿ ಆಕಾಶದಾಗ ಕಾಣೋ ಹಸಿರು ಬೆಳಕು ಬೇಕನ್ನವ್ರು ಸೆಪ್ಟೆಂಬರ್ ಹಿಡೀಬೇಕು, ಯಾಕಂದ್ರ ಜೂನಿನಾಗ ಅಲ್ಲಿ ಕತ್ತಲಾನ ಆಗಂಗಿಲ್ಲ. ಎರಡೂ ಬೇಕು ಅಂದ್ರ ಆಗಂಗಿಲ್ಲ.

ಈಗ ವೀಸಾ. ಇದನ್ನ ಎರಡ ಸಲ ಓದ್ರಿ, ನಾನು ಇದ್ರಾಗ ಸಿಕ್ಕೊಂಡು ಒದ್ದಾಡೀನಿ. ಐಸ್‌ಲ್ಯಾಂಡ್ ಶೆಂಗನ್ ಒಳಗ, ಅಂದ್ರ ಒಂದೇ ವೀಸಾ ನಡಿಯೋ ಯುರೋಪ್ ದೇಶಗಳ ಗುಂಪಿನೊಳಗ ಐತಿ, ಆದ್ರ ಫೇರೋ ದ್ವೀಪಗಳು ಡೆನ್ಮಾರ್ಕಿಗೆ ಸೇರಿದ್ರೂ ಶೆಂಗನ್ ಒಳಗಿಲ್ಲ, ಗ್ರೀನ್‌ಲ್ಯಾಂಡೂ ಹಂಗ. ಅಂದ್ರ ಹಡಗು ಐಸ್‌ಲ್ಯಾಂಡ್ ಬಿಟ್ಟು ಫೇರೋಕ್ಕ ಹೋತು ಅಂದ್ರ ನೀವು ಶೆಂಗನ್ ಬಿಟ್ಟಂಗ, ತಿರುಗಿ ಒಳಗ ಬರಾಕ ಮಲ್ಟಿಪಲ್ ಎಂಟ್ರಿ ಬೇಕು, ಮ್ಯಾಲೆ ಆ ವೀಸಾದಾಗ ಫೇರೋಕ್ಕೂ ನಡೀತೈತಿ ಅಂತ ಬರ್ದಿರ್ಬೇಕು. ನಮ್ಮ ಏಜೆಂಟ್ ಸಿಂಗಲ್ ಎಂಟ್ರಿಗೆ ಫಾರಂ ತುಂಬಿದ್ದ, ನಾನು ರಾತ್ರಿ ಕುಂತು ಓದಿದ್ದಕ್ಕ ಗೊತ್ತಾತು, ಇಲ್ಲಾಂದ್ರ ಹಡಗೇ ಹತ್ತಸ್ತಿದ್ದಿಲ್ಲ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ರೂಟ್ ಇದ್ರೂ ಇದೇ ಕಥಿ, ಅಲ್ಲಿಗೆ ವೀಸಾ ಬೇಕಿಲ್ಲ, ಆದ್ರ ಅದಕ್ಕ ಹೋಗಾಕ ಬರಾಕ ಭಾಳ ಸಲ ನಾರ್ವೆ ಮ್ಯಾಲಿಂದ ದಾಟ್ಬೇಕಾಗ್ತೈತಿ. ಸ್ಕಾಟ್ಲೆಂಡಿನ ದ್ವೀಪಗಳಾದ ಶೆಟ್‌ಲ್ಯಾಂಡ್, ಆರ್ಕ್ನಿ ಇದ್ರ ಬ್ರಿಟನ್ ವೀಸಾ ಬ್ಯಾರೆ. ಲಂಡನ್ನಿನಾಗ ವಿಮಾನ ಬದಲಸೋರಿಗೂ ಟ್ರಾನ್ಸಿಟ್ ವೀಸಾ ಕೇಳ್ತಾರ, ಅದಕ್ಕ ನಾವು ಕೋಪನ್‌ಹೇಗನ್ ಮ್ಯಾಲೆ ಹೋದ್ವಿ.

ಅರ್ಜಿ ಯಾವ ದೇಶಕ್ಕ ಹಾಕೋದು ಅಂದ್ರ ಎಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೆ, ದಿನ ಸಮ ಇದ್ರ ಮೊದ್ಲು ಎಲ್ಲಿ ಕಾಲಿಡ್ತೀರೋ ಅಲ್ಲಿಗೆ. 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಕಡ್ಡಾಯ, ಆದ್ರ ಅಷ್ಟಕ್ಕ ನಿಲ್ಸಬ್ಯಾಡ್ರಿ, ನಡು ಸಮುದ್ರದಾಗಿಂದ ಹೆಲಿಕಾಪ್ಟರಿನಾಗ ಎತ್ಕೊಂಡು ಹೋಗೋ ಖರ್ಚೂ ಅದ್ರಾಗ ಬರ್ತೈತೇನು ಅಂತ ಕೇಳಿ ತಗೊಳ್ರಿ. ಬೆರಳಚ್ಚು ಕೊಡಾಕ ಖುದ್ದು ಹೋಗ್ಬೇಕು. ವಯಸ್ಸಾದವ್ರು, ಅದ್ರಾಗೂ ಗಣಿ ಕೆಲಸ, ಹೊಲದ ಕೆಲಸ ಮಾಡಿದವ್ರ ಬೆರಳು ಸವೆದಿರ್ತಾವ, ನಮ್ಮಪ್ಪಾರದು ನಾಕನೇ ಸಲಕ್ಕ ಬಂತು, ಟೈಮ್ ಇಟ್ಕೊಂಡು ಹೋಗ್ರಿ.

ಅರಬಿ, ಅಂದ್ರ ಬಟ್ಟಿ ವಿಷಯ. ಮೇ ತಿಂಗಳು 42 ಡಿಗ್ರಿ ಬಿಸಲು ಉಂಡ ಮೈ 8 ಡಿಗ್ರಿ ಗಾಳಿಗೆ ಬೀಳ್ತೈತಿ. ದಪ್ಪನ್ನ ಒಂದೇ ಸ್ವೆಟರ್ ಬ್ಯಾಡ, ಒಳಗ ಥರ್ಮಲ್, ನಡುವ ಫ್ಲೀಸ್, ಮ್ಯಾಲೆ ಗಾಳಿ-ನೀರು ತಡಿಯೋ ಜಾಕೆಟ್ಟು ಪ್ಯಾಂಟು. ಜೀನ್ಸ್ ತೊಯ್ದ್ರ ಒಣಗಂಗಿಲ್ಲ, ಛತ್ರಿ ಗಾಳಿಗೆ ನಿಲ್ಲಂಗಿಲ್ಲ. ಕಣ್ಣಿಗೆ ಕಟ್ಕೊಳ್ಳೋ ಪಟ್ಟಿ ಮರೀಬ್ಯಾಡ್ರಿ, ರಾತ್ರಿ 12ಕ್ಕೂ ಸೂರ್ಯ ಇದ್ರ ನಮ್ಮ ಮಂದಿಗೆ ನಿದ್ದಿ ಬರಂಗಿಲ್ಲ.

ಊಟಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ರಿ, ಹದಿನೈದು ದಿನ ಏನೂ ಆಗಂಗಿಲ್ಲ. ತುಪ್ಪ, ಪೇಡಾ, ಖವಾ ಬ್ಯಾಡ, ಹಾಲಿನ ಸಾಮಾನು ಯುರೋಪಿನಾಗ ಬಿಡಂಗಿಲ್ಲ. ಕೆಟಲ್, ಇಸ್ತ್ರಿ ಹಡಗಿನಾಗ ಕಸ್ಕೋತಾರ. ಶಾಕಾಹಾರ ಅಂತ ಬುಕ್ ಮಾಡುವಾಗಲೇ ಬರಸ್ರಿ, ಮೀನು ಹಾಕ್ಬ್ಯಾಡ್ರಿ ಅಂತನೂ ಬಿಡಿಸಿ ಹೇಳ್ರಿ.

ತುಂಗಭದ್ರಾ ಹಿನ್ನೀರು ಬಿಟ್ರ ದೊಡ್ಡ ನೀರು ನೋಡದ ನಮಗ ಉತ್ತರ ಅಟ್ಲಾಂಟಿಕ್ ಅಲೆ ಹೊಟ್ಟಿ ಕಲಕಿಬಿಡ್ತೈತಿ. ರೂಮು ಹಡಗಿನ ನಡುಭಾಗದಾಗ, ಕೆಳಗಿನ ಮಹಡಿಯೊಳಗ ತಗೊಳ್ರಿ, ಅಲ್ಲಿ ಅಲುಗಾಟ ಕಡಿಮಿ. ವಾಂತಿ ಮಾತ್ರಿ ಶುರು ಆದ ಮ್ಯಾಲಲ್ಲ, ಮೊದ್ಲ ನುಂಗ್ಬೇಕು, ಬಿಪಿ-ಶುಗರ್ ಮಾತ್ರಿ ತಗೊಳ್ಳೋರು ಊರಿನ ಡಾಕ್ಟ್ರನ್ನ ಕೇಳ್ಕೊಂಡ ಹೋಗ್ರಿ. ಖಾಲಿ ಹೊಟ್ಟಿ ಬ್ಯಾಡ, ಮೊಬೈಲ್ ನೋಡೋದು ಬ್ಯಾಡ, ದೂರದ ದಿಗಂತ ನೋಡ್ಕೋತ ನಿಂದ್ರಿ. ದಿನದ ಮಾತ್ರಿ ಎಲ್ಲಾ ಕೈಚೀಲದಾಗ ಇರ್ಲಿ. ಹಡಗು ಹತ್ತೋ ಹಿಂದಿನ ದಿನಾನ ಐಸ್‌ಲ್ಯಾಂಡ್ ರಾಜಧಾನಿ ರೇಕ್ಯಾವಿಕ್ ಮುಟ್ಟಿರ್ರಿ, ವಿಮಾನ ಲೇಟಾದ್ರ ಹಡಗು ಕಾಯಂಗಿಲ್ಲ. ಬಂದರಿನಾಗ ಸ್ವಂತ ಟ್ಯಾಕ್ಸಿ ಮಾಡ್ಕೊಂಡು ಹೋದ್ರೂ ಅದೇ ಮಾತು, ಹಡಗಿನವ್ರ ಟೂರ್ ಲೇಟಾದ್ರ ಕಾಯ್ತಾರ, ನಿಮ್ಮ ಟ್ಯಾಕ್ಸಿಗೆ ಕಾಯಂಗಿಲ್ಲ.

ರೂಟಿನಾಗ ಐಸ್‌ಲ್ಯಾಂಡಿನ ದಕ್ಷಿಣದ ವೆಸ್ಟ್‌ಮನ್ ದ್ವೀಪಗಳು ಇದ್ದೇ ಇರ್ಬೇಕು, ಅದ್ರಾಗೂ ಮಂದಿ ಇರೋ ಹೇಮಾಯಿ ದ್ವೀಪ. 1973ರ ಜನವರಿ 23ರ ನಡುರಾತ್ರಿ ಅಲ್ಲಿನ ಊರಿನ ಪಕ್ಕದಾಗನ ಭೂಮಿ ಸೀಳಿ ಬೆಂಕಿ ಬಂತು, ಊರಾಗ ಆಗ ಐದು ಸಾವಿರ ಚಿಲ್ಲರೆ ಮಂದಿ ಇದ್ರು. ಹಿಂದಿನ ದಿನ ಬಿರುಗಾಳಿ ಇದ್ದಿದ್ದಕ್ಕ ಮೀನಿನ ದೋಣಿಗಳೆಲ್ಲಾ ಬಂದರಿನಾಗೇ ಇದ್ವು, ಅದೇ ರಾತ್ರಿ ಅವುಗಳೊಳಗ ಮಂದೀನ ಸಾಗಿಸಿದ್ರು. ಲಾವಾ ಬಂದರಿನ ಬಾಯಿ ಮುಚ್ಚಾಕ ಬಂದಾಗ ಪಂಪ್ ಇಟ್ಟು ಸಮುದ್ರದ ನೀರು ಹೊಡದು ಹೊಡದು ಅದನ್ನ ತಣ್ಣಗ ಮಾಡಿ ನಿಲ್ಸಿದ್ರು, ತಿಂಗಳಗಟ್ಟಲೆ. ಸುಮಾರು 400 ಮನಿ ಹೋದ್ವು, ಬಂದರು ಉಳೀತು. ಅವತ್ತು ಹುಟ್ಟಿದ ಗುಡ್ಡಕ್ಕ ಎಲ್ಡ್‌ಫೆಲ್ ಅಂತಾರ, ಅಂದ್ರ ಬೆಂಕಿಗುಡ್ಡ, 200 ಮೀಟರ್, ನಿಧಾನಕ್ಕ ಹತ್ತಬೋದು, ಕೆಂಪು ಗರಸು ಜಾರ್ತೈತಿ, ಬೂಟು ಗಟ್ಟಿ ಇರ್ಲಿ. ನಮ್ಮಪ್ಪಾರು ತುದಿಯೊಳಗ ಕುಂತು ಗರಸು ಸರಿಸಿ ಒಳಗ ಕೈ ಇಟ್ರು, ಬೆಚ್ಚಗಿತ್ತು. "ನನಗಿಂತ ಸಣ್ಣದು ಇದು" ಅಂದ್ರು, ಭಾಳೊತ್ತು ಕೈ ತಗೀಲಿಲ್ಲ. ಅಲ್ಲೇ ಬೂದಿಯೊಳಗಿಂದ ಅಗದ ತಗದ ಮನಿ ಸುತ್ತ ಕಟ್ಟಿದ ಎಲ್ಡ್‌ಹೇಮರ್ ಮ್ಯೂಸಿಯಮ್ಮಿಗೂ ಹೋಗ್ರಿ.

ಪಕ್ಕದಾಗ ಸುರ್ಟ್ಸಿ, 1963ರ ನವೆಂಬರಿನಾಗ ಸಮುದ್ರದಾಗಿಂದ ಎದ್ದ ದ್ವೀಪ. ವಿಜ್ಞಾನಿಗಳನ್ನ ಬಿಟ್ರ ಯಾರನ್ನೂ ಇಳಿಸಂಗಿಲ್ಲ, ಹಡಗಿನಿಂದನ ನೋಡೋದು, ಬೈನಾಕ್ಯುಲರ್ ಒಯ್ರಿ. ಉತ್ತರಕ್ಕ ಗ್ರಿಮ್ಸಿ ದ್ವೀಪದೊಳಗ ಆರ್ಕ್‌ಟಿಕ್ ವೃತ್ತ ದಾಟಬೋದು, ಆ ಗೆರಿ ವರ್ಷಾ ಹದಿನಾಲ್ಕು-ಹದಿನೈದು ಮೀಟರ್ ಉತ್ತರಕ್ಕ ಸರೀತೈತಿ, ಅದಕ್ಕ ಗೆರಿ ಗುರ್ತಿಗೆ ಅಲ್ಲಿ ಇಟ್ಟ ದೊಡ್ಡ ಕಾಂಕ್ರೀಟ್ ಗುಂಡನ್ನೂ ಜೊತಿಗೆ ಸರಸ್ತಾರ. ಕೆಲವು ಹಡಗು ನಾರ್ವೆಗೆ ಸೇರಿದ ಯಾನ್ ಮಾಯೆನ್ ದ್ವೀಪದ ತನಕ ಹೋಗ್ತಾವ, ಅಲ್ಲಿನ ಬೇರೆನ್‌ಬರ್ಗ್ 2,277 ಮೀಟರಿನ ಜ್ವಾಲಾಮುಖಿ, ಮೈತುಂಬ ಹಿಮ, ಬಂದರಿಲ್ಲ. ಮೋಡ ಸರದ್ರ ನೋಡಾಕ ಸಿಗ್ತೈತಿ.

ರಬ್ಬರ್ ದೋಣಿ ಹತ್ತೋ ಇಳಿಯೋ ಮುಂದ ಸಿಬ್ಬಂದಿ ಕೈ ಕೊಟ್ರ ಬೆರಳು ಹಿಡೀಬ್ಯಾಡ್ರಿ, ಮುಂಗೈ ಹಿಡೀರಿ, ಅವ್ರೂ ನಿಮ್ಮ ಮುಂಗೈ ಹಿಡೀತಾರ, ಅದು ಜಾರಂಗಿಲ್ಲ. ಇನ್ನೊಂದು ಕೈ ಖಾಲಿ ಇರ್ಲಿ, ಮೊಬೈಲ್ ಒಳಗಿಡ್ರಿ. ಲಾವಾ ಮ್ಯಾಲಿನ ಹಸಿರು ಪಾಚಿ ತುಳೀಬ್ಯಾಡ್ರಿ, ಒಮ್ಮೆ ಹರದ್ರ ತಿರುಗಿ ಬೆಳಿಯಾಕ ಹತ್ತಾರು ವರ್ಷ ಬೇಕು. ರೇನಿಸ್‌ಫ್ಯಾರಾ ಕರಿ ಮರಳಿನ ದಂಡಿಗೆ ಹೋದ್ರ ಸಮುದ್ರಕ್ಕ ಬೆನ್ನು ತೋರಸ್ಬ್ಯಾಡ್ರಿ, ಇದ್ದಕ್ಕಿದ್ದಂಗ ಒಂದು ಅಲೆ ಮ್ಯಾಲೆ ಬಂದು ಎಳಕೊಂಡು ಹೋಗ್ತೈತಿ, ಅಲ್ಲಿ ಮಂದಿ ಸತ್ತಾರ. ನೆನಪಿಗೆ ಅಂತ ಕಲ್ಲು ಕಿಸೆಗೆ ಹಾಕೋಬ್ಯಾಡ್ರಿ.

ಹಡಗಿನಾಗ ಮೊಬೈಲ್ ಫ್ಲೈಟ್ ಮೋಡ್‌ನಾಗ ಇರ್ಲಿ, ಇಲ್ಲಾಂದ್ರ ಸ್ಯಾಟಲೈಟ್ ರೋಮಿಂಗ್ ಬಿಲ್ ಬರ್ತೈತಿ. ಕೊನೀ ರಾತ್ರಿ ದೊಡ್ಡ ಬ್ಯಾಗ್ ಬಾಗಿಲ ಹೊರಗ ಇಡಾಕ ಹೇಳ್ತಾರ, ಮರುದಿನ ಹಾಕ್ಕೊಳ್ಳೋ ಅರಬಿ, ಪಾಸ್‌ಪೋರ್ಟು, ಮಾತ್ರಿ ಅದ್ರಾಗ ಹಾಕಿ ಕಳಿಸಬ್ಯಾಡ್ರಿ.